ವಾರ್ಡಿನಲ್ಲಿ ದಿನವಿಡೀ ಓಡಾಡಿದರೂ ತೂಕ ಏಕೆ ಏರುತ್ತಿದೆ?

ನೀವೂ ನರ್ಸ್, ಇಡೀ ಪಾಳಿ ಕಾಲ ಮೇಲೆಯೇ ಇದ್ದರೂ ತೂಕ ಏರಿದೆ, ಖಾಲಿ ಹೊಟ್ಟೆಯ ಸಕ್ಕರೆ 108 ಬಂದಿದೆ, ಇದರ ಮೇಲೆ ವ್ಯಾಯಾಮವೂ ಬೇಕೇ ಎಂದು ಕೇಳಿದ್ದೀರಿ. ಬೇಕು. ಶಿವಮೊಗ್ಗದಲ್ಲಿ ಹದಿನಾರು ವರ್ಷ ಇದೇ ಕೆಲಸ ಮಾಡಿದ ಮೇಲೆ ಹೇಳುತ್ತಿದ್ದೇನೆ.

ವಾರ್ಡಿನದು ಹತ್ತು ಹೆಜ್ಜೆಗೊಮ್ಮೆ ನಿಲ್ಲುವ ನಡಿಗೆ. ಡ್ರಿಪ್ ಬದಲಿಸಲು ನಿಲ್ಲುತ್ತೇವೆ, ಬಿ.ಪಿ. ನೋಡಲು ನಿಲ್ಲುತ್ತೇವೆ, ಕೇಸ್ ಶೀಟ್ ಬರೆಯಲು ನಿಲ್ಲುತ್ತೇವೆ. ಕಾಲು ಸೋಲುತ್ತದೆ, ಸೊಂಟ ಹಿಡಿಯುತ್ತದೆ, ಉಸಿರು ಮಾತ್ರ ಏರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಎನ್ನುವುದು ಉಸಿರು ಚುರುಕಾಗುವಂಥ ಚಟುವಟಿಕೆಯನ್ನು.

ಆದರೂ ನನಗೆ ಹೆಚ್ಚು ಅನುಮಾನ ರಾತ್ರಿ ಪಾಳಿಯ ಮೇಲೆ. ರಾತ್ರಿ ನಮ್ಮ ದೇಹದಲ್ಲಿ ಇನ್ಸುಲಿನ್ ಹಗಲಿನಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ. ಎರಡು ಗಂಟೆಗೆ ಡಬ್ಬಿ ಬಿಚ್ಚಿ ಉಣ್ಣುವ ಚಿತ್ರಾನ್ನ, ಮಧ್ಯಾಹ್ನ ಉಂಡ ಅಷ್ಟೇ ಚಿತ್ರಾನ್ನಕ್ಕಿಂತ ರಕ್ತದ ಸಕ್ಕರೆಯನ್ನು ಹೆಚ್ಚು ಏರಿಸುತ್ತದೆ. ನಡುವೆ ತೂಕಡಿಕೆ ಓಡಿಸಲು ಸಕ್ಕರೆ ಹಾಕಿದ ಚಹಾ, ಬಿಸ್ಕತ್ತು. ಬೆಳಿಗ್ಗೆ ಮನೆಯಲ್ಲಿ ಬಿಸಿ ಕಡುಬು. ನಿದ್ದೆಗೆಟ್ಟ ದೇಹ ಹಸಿವನ್ನೂ ಹೆಚ್ಚು ಮಾಡುತ್ತದೆ. ಇದನ್ನು ಸೋಮಾರಿತನ ಎಂದು ಯಾರಾದರೂ ಅಂದರೆ ನಂಬಬೇಡಿ.

ನಾನು ಮೊದಲು ಬದಲಿಸಿದ್ದು ಊಟದ ಹೊತ್ತನ್ನು. ಡ್ಯೂಟಿಗೆ ಹೊರಡುವ ಮುನ್ನವೇ ಊಟ. ನಡುರಾತ್ರಿ ಬೇಯಿಸಿದ ಮೊಟ್ಟೆ ಅಥವಾ ಹೆಸರುಕಾಳು, ಮಜ್ಜಿಗೆ. ರಜೆಯ ದಿನ ಮತ್ತು ಬೆಳಗಿನ ಪಾಳಿಯ ಸಂಜೆ ಅರ್ಧ ಗಂಟೆ ಬಿರುಸಿನ ನಡಿಗೆ. ಆಷಾಢದ ಮಳೆ ಹಿಡಿದುಕೊಂಡರೆ ನಮ್ಮೂರಿನಲ್ಲಿ ಹೊರಗೆ ಕಾಲಿಡುವಂತಿಲ್ಲ. ಆಗ ಮಹಡಿ ಮೆಟ್ಟಿಲು ಹತ್ತಿ ಇಳಿಯುತ್ತೇನೆ, ಗೋಡೆಗೆ ಕೈಕೊಟ್ಟು ದಂಡ ಹೊಡೆಯುತ್ತೇನೆ. ಸ್ನಾಯುಗಳಿಗೂ ವಾರಕ್ಕೆರಡು ದಿನ ಕೆಲಸ ಬೇಕು. ರಕ್ತದ ಸಕ್ಕರೆಯನ್ನು ಹೆಚ್ಚು ಹೀರಿಕೊಳ್ಳುವುದು ಅವೇ.

ತೂಕದ ಯಂತ್ರಕ್ಕಿಂತ ಟೇಪನ್ನು ನೋಡಿ. ನಮ್ಮ ದೇಶದ ಹೆಂಗಸರಿಗೆ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಬಾರದು.

108 ಎಂದರೆ ಮಧುಮೇಹವಲ್ಲ, ಅದರ ಹೊಸ್ತಿಲು. 100ರಿಂದ 125ರವರೆಗೆ ಹಾಗೆ ಲೆಕ್ಕ. ಒಂದು ಸಂಗತಿ ನೆನಪಿಸಿಕೊಳ್ಳಿ: ರಾತ್ರಿ ಡ್ಯೂಟಿ ಮುಗಿಸಿ ನೇರವಾಗಿ ಲ್ಯಾಬಿಗೆ ಹೋಗಿ ರಕ್ತ ಕೊಟ್ಟಿರಾ? ನಾನು ಹಾಗೆಯೇ ಕೊಟ್ಟಿದ್ದೆ, ನಾಲ್ಕು ಗಂಟೆಗೆ ಕುಡಿದ ಚಹಾ ಮರೆತು. ಎಂಟು ಗಂಟೆ ಏನೂ ತಿನ್ನದೆ, ರಾತ್ರಿ ಮಲಗಿ ಎದ್ದ ದಿನ ಇನ್ನೊಮ್ಮೆ ಕೊಡಿ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನೂ ಜೊತೆಗೆ ಮಾಡಿಸಿ, ಎರಡನ್ನೂ ವೈದ್ಯರಿಗೆ ತೋರಿಸಿ.