ಹಡಗಿನ ಒಡಲು ದಪ್ಪವಾದಷ್ಟೂ ಗಟ್ಟಿಯೇ?

ಒಂದಂಗುಲ ದಪ್ಪದ ಉಕ್ಕಿನಿಂದ ಕಟ್ಟಿದ ಹಡಗು ಇನ್ನೊಂದು ಹಡಗು ಗುದ್ದಿದಾಗ ತಗಡಿನಂತೆ ಹರಿಯುವುದೇಕೆ, ನಾಲ್ಕಂಗುಲ ದಪ್ಪ ಮಾಡಿಬಿಟ್ಟರೆ ಆಗದೇ, ಮಂಜುಗಡ್ಡೆಯ ಸಮುದ್ರದಲ್ಲಿ ಓಡುವ ಹಡಗುಗಳು ಬೇರೆ ಜಾತಿಯವೇ ಎಂದು ಕೇಳಿದ್ದೀರಿ. ನಾನು ಹಡಗಿನ ವಿನ್ಯಾಸಕಾರನಲ್ಲ. ಹನ್ನೊಂದು ವರ್ಷ ಪಶ್ಚಿಮ ಕರಾವಳಿಯಲ್ಲಿ, ಹಡಗನ್ನು ನೀರಿಲ್ಲದೆ ನಿಲ್ಲಿಸಿ ರಿಪೇರಿ ಮಾಡುವ ಡ್ರೈ ಡಾಕ್‌ಗಳಲ್ಲಿ ಪ್ಲೇಟುಗಳ ದಪ್ಪ ಅಳೆಯುವ ಗೇಜಿಂಗ್ ಕೆಲಸ ಮಾಡಿ, ಈಗ ಕೋಲಾರದಲ್ಲಿ ಸಣ್ಣದೊಂದು ಫ್ಯಾಬ್ರಿಕೇಷನ್ ಶೆಡ್ ನಡೆಸುತ್ತಿದ್ದೇನೆ. ಕೆರೆ ತುಂಬಿ ಕೋಡಿ ಬಿದ್ದರೇ ಹಬ್ಬವೆನ್ನುವ ಊರಿನವನಿಗೆ ಹಡಗಿನ ಉಸಾಬರಿ ಏಕೆಂದು ಇಲ್ಲಿಯವರೂ ಕೇಳುವುದುಂಟು.

ಮೊದಲು ಅಳತೆಯ ಮಾತು. 300 ಮೀಟರ್ ಉದ್ದದ ಹಡಗಿನ ಪಕ್ಕದ ಪ್ಲೇಟು 20 ಮಿಲಿಮೀಟರ್ ದಪ್ಪವಿದೆ ಎಂದುಕೊಳ್ಳಿ. ಆ ಹಡಗನ್ನು 3 ಮೀಟರಿಗೆ ಕುಗ್ಗಿಸಿದರೆ ಪ್ಲೇಟಿನ ದಪ್ಪ 0.2 ಮಿಲಿಮೀಟರಿಗೆ ಇಳಿಯುತ್ತದೆ, ಅಂದರೆ ಅಂಗಡಿಯ ಎಣ್ಣೆ ಡಬ್ಬದ ತಗಡಿನ ಆಸುಪಾಸು. ಹಾಗಾಗಿ ಹಡಗು ತಗಡಿನಂತೆ ಹರಿಯಿತು ಎಂಬ ನಿಮ್ಮ ಮಾತು ಬರಿಯ ಹೋಲಿಕೆಯಲ್ಲ, ಹೆಚ್ಚುಕಡಿಮೆ ನಿಜವೇ.

ಇಷ್ಟು ತೆಳ್ಳಗಿನ ಒಡಲು ಅಲೆಗಳಿಗೆ ಎದೆಗೊಡುವುದು ಹೇಗೆಂಬುದನ್ನು ನೋಡಬೇಕಾದರೆ ನಮ್ಮ ಎಪಿಎಂಸಿಗೆ ಬಂದು ಟೊಮೆಟೊ ಕ್ರೇಟೊಂದನ್ನು ಕೈಗೆತ್ತಿಕೊಳ್ಳಿ. ಅದರ ಗೋಡೆಯ ಪ್ಲಾಸ್ಟಿಕ್ಕನ್ನು ಹೆಬ್ಬೆರಳಿನಿಂದ ಒತ್ತಿದರೆ ಒಳಗೆ ಬಾಗುತ್ತದೆ, ಆದರೆ ಅಂಚಿನ ಮಡಿಕೆ ಮತ್ತು ಅಡ್ಡಡ್ಡ ಎದ್ದಿರುವ ಪಟ್ಟಿಗಳ ಬಲದಿಂದ ಅದೇ ಕ್ರೇಟು ತಲೆಯ ಮೇಲೆ ಹತ್ತು ಕ್ರೇಟುಗಳನ್ನು ಹೊತ್ತು ಲಾರಿಯಲ್ಲಿ ಕುಲುಕಾಡುತ್ತ ಹೋಗುತ್ತದೆ. ಹಡಗಿನ ಕಥೆಯೂ ಇದೇ. ಪ್ಲೇಟು ನೀರನ್ನು ತಡೆಯುವ ಚರ್ಮ. ಅದರ ಹಿಂದೆ ಒಂದು ಮೀಟರಿಗೂ ಕಡಿಮೆ ಅಂತರದಲ್ಲಿ ಸಾಲಾಗಿ ನಿಂತ ಫ್ರೇಮು, ಸ್ಟಿಫನರ್‌ಗಳು ಪಕ್ಕೆಲುಬು. ಅವುಗಳ ಹಿಂದಿನ ಬಲ್ಕ್‌ಹೆಡ್‌ಗಳು ಅಡ್ಡಗೋಡೆ. ಈ ಜೋಡಣೆಯ ಮುಖ್ಯ ಉದ್ದೇಶ ಇಡೀ ಹಡಗು ಒಂದು ತೊಲೆಯಂತೆ ಅಲೆಯ ಮೇಲೆ ಬಾಗಿಯೂ ಮುರಿಯದಿರುವುದೇ ಹೊರತು ಡಿಕ್ಕಿಯನ್ನು ತಡೆಯುವುದಲ್ಲ. ಆ ತೊಲೆಯ ಲೆಕ್ಕ ತಪ್ಪಿದಾಗ ಡಿಕ್ಕಿಯೇ ಬೇಕಿಲ್ಲ: 2013ರ ಜೂನ್ 17ರಂದು, ಕಟ್ಟಿ ಐದೇ ವರ್ಷವಾಗಿದ್ದ ಎಂಒಎಲ್ ಕಂಫರ್ಟ್ ಎಂಬ ಕಂಟೇನರ್ ಹಡಗು ನಮ್ಮ ಅರಬ್ಬೀ ಸಮುದ್ರದ ಮುಂಗಾರಿನ ಅಲೆಗಳಲ್ಲಿ ನಡುವೆಯೇ ಎರಡು ತುಂಡಾಯಿತು. ತಳದ ಪ್ಲೇಟುಗಳು ಒತ್ತಡ ತಾಳದೆ ಮಡಿಸಿಕೊಂಡದ್ದೇ ಮೂಲವೆಂದು ತನಿಖೆ ಹೇಳಿತು. ಅದರಲ್ಲಿದ್ದ 26 ಮಂದಿಯೂ ಬದುಕಿದರು.

ಇನ್ನು ಡಿಕ್ಕಿ. ಒಂದು ಲಕ್ಷ ಟನ್ ತೂಕದ ಹಡಗು 10 ನಾಟ್ ವೇಗದಲ್ಲಿ ಬಂದರೆ ಅದು ಗಂಟೆಗೆ ಹದಿನೆಂಟೂವರೆ ಕಿಲೋಮೀಟರ್, ಅಂದರೆ ಸೈಕಲ್ಲಿನ ಓಟ. ಆದರೂ ಅದರ ಚಲನಶಕ್ತಿಯನ್ನು ಲೆಕ್ಕ ಹಾಕಿದರೆ, ಬೆಂಗಳೂರು-ಚೆನ್ನೈ ಹೆದ್ದಾರಿಯಲ್ಲಿ 80ರ ವೇಗದಲ್ಲಿ ಹೋಗುವ 40 ಟನ್ನಿನ ಲಾರಿಗಳು 130ಕ್ಕೂ ಹೆಚ್ಚು ಒಟ್ಟಿಗೆ ಬಂದು ಬಡಿದಷ್ಟಾಗುತ್ತದೆ. ಈ ಶಕ್ತಿ ಎಲ್ಲಾದರೂ ಕರಗಲೇಬೇಕು. ಅಪಘಾತಕ್ಕೀಡಾದ ಹಡಗುಗಳನ್ನು ಪರಿಶೀಲಿಸಿ 1959ರಲ್ಲಿ ಮಿನೋರ್ಸ್ಕಿ ಎಂಬ ಎಂಜಿನಿಯರ್, ದೊಡ್ಡ ಡಿಕ್ಕಿಗಳಲ್ಲಿ ಕರಗಿದ ಶಕ್ತಿಗೂ ನುಜ್ಜುಗುಜ್ಜಾದ ಉಕ್ಕಿನ ಒಟ್ಟು ಗಾತ್ರಕ್ಕೂ ನೇರ ಸಂಬಂಧವಿದೆಯೆಂದು ತೋರಿಸಿದರು. ಅಂದರೆ ಹಡಗು ಬದುಕಬೇಕಾದರೆ ಅದರ ಒಂದಷ್ಟು ಉಕ್ಕು ಮುದುಡಿ, ಹರಿದು ಬಲಿಯಾಗಲೇಬೇಕು. ದಪ್ಪ ಹೆಚ್ಚಿಸಿದರೆ ಲಾಭವೇ ಇಲ್ಲವೆಂದಲ್ಲ, ಆದರೆ ಬೆಲೆ ಹೆಚ್ಚು. 3,00,000 ಟನ್ ಎಣ್ಣೆ ಹೊರುವ ಟ್ಯಾಂಕರಿನ ಸ್ವಂತ ತೂಕ ಈಗ ಸುಮಾರು 40,000 ಟನ್. ಹೊರಚರ್ಮವನ್ನು ನಾಲ್ಕು ಪಟ್ಟು ಮಾಡಿದರೆ ಎಣ್ಣೆಯ ಜಾಗದಲ್ಲಿ ಉಕ್ಕನ್ನೇ ಹೊತ್ತು ತಿರುಗಬೇಕಾಗುತ್ತದೆ. ಅದಲ್ಲದೆ ಪ್ಲೇಟು ದಪ್ಪವಾದಷ್ಟೂ ವೆಲ್ಡಿಂಗ್ ಕಷ್ಟ, ಚಳಿಯಲ್ಲಿ ಗಾಜಿನಂತೆ ಸಿಡಿಯುವ ಭಯವೂ ಹೆಚ್ಚು.

ಆದ್ದರಿಂದ ದಪ್ಪದ ಬದಲು ಅಂತರವನ್ನು ಕೊಟ್ಟರು. 1989ರ ಮಾರ್ಚ್ 24ರಂದು ಎಕ್ಸಾನ್ ವಾಲ್ಡೀಜ್ ಟ್ಯಾಂಕರು ಅಲಾಸ್ಕಾದಲ್ಲಿ ಬಂಡೆಗೆ ತಗುಲಿ ಎಣ್ಣೆ ಚೆಲ್ಲಿದ ಮರುವರ್ಷ ಅಮೆರಿಕ ಕಾನೂನು ಮಾಡಿತು. ಆಮೇಲೆ ಜಗತ್ತಿನೆಲ್ಲೆಡೆ ಹೊಸ ಟ್ಯಾಂಕರುಗಳಿಗೆ ಎರಡು ಗೋಡೆ ಕಡ್ಡಾಯವಾಯಿತು. ದೊಡ್ಡವುಗಳಲ್ಲಿ ಆ ಗೋಡೆಗಳ ನಡುವೆ ಸುಮಾರು 2 ಮೀಟರ್ ಜಾಗವಿರುತ್ತದೆ. ಹೊರಗೋಡೆ ಹರಿದರೂ ಒಳಗೋಡೆ ಮುಟ್ಟುವಷ್ಟರಲ್ಲಿ ಬಡಿತದ ಬಿರುಸು ಕುಂದಿರಲಿ ಎಂಬುದು ಲೆಕ್ಕ. ಹರುಕು ಎಷ್ಟು ದೊಡ್ಡದು ಎಂಬುದಕ್ಕಿಂತ, ಅಡ್ಡಗೋಡೆಗಳ ನಡುವಿನ ಎಷ್ಟು ಕೋಣೆಗಳಿಗೆ ನೀರು ನುಗ್ಗಿತೆಂಬುದೂ ಮುಖ್ಯ. ಟೈಟಾನಿಕ್‌ಗೆ ಆದ ಬಿರುಕುಗಳನ್ನೆಲ್ಲ ಕೂಡಿಸಿದರೂ ಸುಮಾರು 12 ಚದರಡಿ, ನಿಮ್ಮ ಮನೆಯ ಬಾಗಿಲಿಗಿಂತ ಚಿಕ್ಕದು. ಮುಂದಿನ ನಾಲ್ಕು ಕೋಣೆ ತುಂಬಿದರೂ ತೇಲುವಂತೆ ಕಟ್ಟಿದ್ದ ಹಡಗದು. ಸೀಳು ಅದಕ್ಕೂ ಹೆಚ್ಚು ಕೋಣೆಗಳಿಗೆ ಚಾಚಿದ್ದರಿಂದ ಮುಳುಗಿತು.

ಚಳಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನನಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸಿದ್ದು ಇದೇ. 1943ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ಸ್ಕೆನೆಕ್ಟಡಿ ಎಂಬ ಹೊಚ್ಚಹೊಸ ಟ್ಯಾಂಕರು ಕಟ್ಟೆಯ ಪಕ್ಕದ ನಿಂತ ನೀರಿನಲ್ಲಿ, ಯಾರೂ ಮುಟ್ಟದೆ, ಭಾರೀ ಸದ್ದಿನೊಡನೆ ನಡುವೆಯೇ ಸೀಳಿತು. ಆ ಕಾಲದ ಉಕ್ಕು ಚಳಿಗೆ ಪೆಡಸಾಗುತ್ತಿತ್ತು. ಬಿಡಿ ಪ್ಲೇಟುಗಳನ್ನು ರಿವೆಟ್ ಹೊಡೆದು ಜೋಡಿಸಿದ ಹಳೆಯ ಹಡಗಿನಲ್ಲಿ ಬಿರುಕು ಪ್ಲೇಟಿನ ಅಂಚಿಗೆ ಬಂದು ನಿಲ್ಲಬಹುದಿತ್ತು, ವೆಲ್ಡ್ ಮಾಡಿದ ಒಡಲಿನಲ್ಲಿ ಅದಕ್ಕೆ ನಿಲ್ದಾಣವೇ ಇರಲಿಲ್ಲ. ಕೇಂಬ್ರಿಜ್‌ನ ಕಾನ್‌ಸ್ಟನ್ಸ್ ಟಿಪ್ಪರ್ ಎಂಬ ಲೋಹವಿಜ್ಞಾನಿ ತಪ್ಪು ಬರೀ ವೆಲ್ಡರುಗಳದ್ದಲ್ಲ, ಉಕ್ಕಿನದ್ದೂ ಹೌದೆಂದು ತೋರಿಸಿಕೊಟ್ಟರು. ಇಂದು ಹಡಗಿನ ಉಕ್ಕಿಗೆ ಚಳಿ ತಾಳುವ ಶಕ್ತಿಗೆ ತಕ್ಕಂತೆ ಶ್ರೇಣಿಗಳಿವೆ. ಇ ಗ್ರೇಡಿನ ತುಣುಕಿಗೆ ಕಚ್ಚು ಹಾಕಿ, ಮೈನಸ್ 40 ಡಿಗ್ರಿಗೆ ತಣ್ಣಗಾಗಿಸಿ, ಸುತ್ತಿಗೆಯಿಂದ ಬಡಿದು ಪರೀಕ್ಷಿಸುತ್ತಾರೆ. ಹೀಗೆ ಮುರಿದ ತುಣುಕುಗಳನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಒಳ್ಳೆಯದರ ಮುಖ ಸಿಗಿದ ಕಬ್ಬಿನಂತೆ ಮಂಕಾಗಿ, ನಾರುನಾರಾಗಿರುತ್ತದೆ. ಕೆಟ್ಟದ್ದು ಕಲ್ಲುಸಕ್ಕರೆ ಒಡೆದಂತೆ ಹೊಳೆಯುತ್ತದೆ.

ಕಾಗದದ ಮೇಲಿನ ದಪ್ಪ ಬೇರೆ, ಸಮುದ್ರ ಉಳಿಸಿದ ದಪ್ಪ ಬೇರೆ. ಒಮ್ಮೆ ಬಂದರಿನಲ್ಲಿ, ದೊಡ್ಡ ಹಡಗುಗಳನ್ನು ಎಳೆದು ತಳ್ಳುವ ಟಗ್ಗು ದೋಣಿಯೊಂದು ತಾಗಿದ್ದ ಹಳೆಯ ಸರಕು ಹಡಗು ನಮ್ಮ ಡಾಕಿಗೆ ಬಂತು. ಹೊರಗೆ ಅಂಗೈಯಷ್ಟು ಆಳದ ತಗ್ಗು ಮಾತ್ರ. ಹಡಗಿನ ಕಡೆಯವರು ಬಣ್ಣ ಬಳಿದರೆ ಸಾಕೆನ್ನುತ್ತಿದ್ದರು. ಹಡಗಿನ ಸಮತೋಲಕ್ಕೆ ನೀರು ತುಂಬುವ ಬ್ಯಾಲಸ್ಟ್ ಟ್ಯಾಂಕಿನೊಳಗೆ ನಾನು ತೆವಳಿ ನೋಡಿದರೆ ತಗ್ಗಿನ ಹಿಂದೆ ಮೂರು ಫ್ರೇಮುಗಳ ಬುಡದ ಬ್ರಾಕೆಟ್ಟುಗಳು ಬಿರಿದಿದ್ದವು. ಕೆಸರು ನಿಲ್ಲುವ ಆ ಮೂಲೆಯಲ್ಲಿ ಸುತ್ತಿಗೆ ತಟ್ಟಿದರೆ ಠಣ್ ಎನ್ನಬೇಕಾದ ಉಕ್ಕು ಹಸಿ ಮಣ್ಣಿನಂತೆ ಡಬ್ ಎಂದಿತು. ನಕ್ಷೆಯಲ್ಲಿ 14 ಮಿಲಿಮೀಟರ್ ಇದ್ದುದು ಗೇಜಿನಲ್ಲಿ 9.6 ತೋರಿತು. ಸಾಮಾನ್ಯವಾಗಿ ಕಾಲುಭಾಗದಷ್ಟು ಸವೆದರೇ ಪ್ಲೇಟು ಬದಲಿಸಬೇಕು, ಇಲ್ಲಿ ಮೂರನೇ ಒಂದಕ್ಕೆ ಹತ್ತಿರ ಹೋಗಿತ್ತು. ಎರಡು ದಿನದ ಜಗಳದ ಮೇಲೆ ಆ ಭಾಗವನ್ನು ಕತ್ತರಿಸಿ ತೆಗೆದರು.

ಮಂಜುಗಡ್ಡೆಯ ಹಡಗುಗಳು ಹೌದು, ಬೇರೆಯೇ. ನೀರಿನ ಮಟ್ಟದ ಸುತ್ತ ದಪ್ಪ ಪ್ಲೇಟಿನ ಪಟ್ಟಿ, ಒತ್ತೊತ್ತಾದ ಫ್ರೇಮು, ಚಳಿ ತಡೆಯುವ ಉಕ್ಕು, ಬಲಪಡಿಸಿದ ಮೂತಿ. ಆದರೆ ಆ ಮೂತಿ ಎದುರಿನವರ ಪಾಲಿಗೆ ಕೊಡಲಿ. 1956ರ ಜುಲೈ 25ರ ರಾತ್ರಿ ಅಮೆರಿಕದ ಪೂರ್ವ ಕರಾವಳಿಯ ಮಂಜಿನಲ್ಲಿ, ಮಂಜುಗಡ್ಡೆಗೆಂದೇ ಮೂತಿ ಗಟ್ಟಿ ಮಾಡಿಸಿಕೊಂಡಿದ್ದ ಸ್ಟಾಕ್‌ಹೋಮ್ ಎಂಬ ಹಡಗು ಆಂಡ್ರಿಯಾ ಡೋರಿಯಾ ಎಂಬ ಪ್ರಯಾಣಿಕರ ಹಡಗಿನ ಪಕ್ಕೆಗೆ ನುಗ್ಗಿತು. ಎರಡೂ ಹಡಗುಗಳಿಂದ ಒಟ್ಟು 51 ಮಂದಿ ಸತ್ತರು. ಪಕ್ಕೆ ಸೀಳಿಸಿಕೊಂಡದ್ದು ಒಂದು ಕಡೆಗೆ ವಾಲಿ ಸುಮಾರು ಹನ್ನೊಂದು ಗಂಟೆಗಳಲ್ಲಿ ಮುಳುಗಿತು. ಮೂತಿ ಜಜ್ಜಿಹೋಗಿದ್ದ ಸ್ಟಾಕ್‌ಹೋಮ್ ತನ್ನದೇ ಎಂಜಿನ್ನಿನ ಬಲದಿಂದ ನ್ಯೂಯಾರ್ಕ್ ತಲುಪಿ, ಹೊಸ ಮೂತಿ ಹಾಕಿಸಿಕೊಂಡು ಮತ್ತೆ ಸಮುದ್ರಕ್ಕಿಳಿಯಿತು.