ಮೊದಲು ಒಂದು ತಾಟು ಹಸಿ ತಪ್ಪಲ

ಓದುಗರ ಪ್ರಶ್ನೆ, ಅಕ್ಕೋರ ಉತ್ತರ

ಪ್ರಶ್ನೆ: ಅಕ್ಕೋರೇ, ನಮಸ್ಕಾರ. ನಾವು ಸಿಂದಗಿ ತಾಲ್ಲೂಕಿನ ಹಳ್ಳಿಯವರು. ಮಕ್ಕಳ ಸಾಲಿಗಾಗಿ ವಿಜಯಪುರಕ್ಕೆ ಬಂದು ಆರು ವರ್ಷ ಆಯಿತು. ಅತ್ತಿ, ಮಾವ, ನಾವಿಬ್ಬರು, ಎಂಟನೇ ಮತ್ತು ನಾಲ್ಕನೇ ಇಯತ್ತೆ ಓದುವ ಇಬ್ಬರು ಮಕ್ಕಳು, ಹೀಗೆ ಆರು ಜನ. ಮಾವನವರಿಗೆ ಶುಗರ್ ಇದೆ, ಗುಳಿಗೆ ನಡೆದಿದೆ. ಹಳ್ಳಿಯಲ್ಲಿದ್ದಾಗ ಎರಡೂ ಹೊತ್ತು ರೊಟ್ಟಿ ಇತ್ತು. ಈಗ ಬೆಳಿಗ್ಗೆ ಉಪ್ಪಿಟ್ಟು, ಅವಲಕ್ಕಿ, ಮಧ್ಯಾಹ್ನ ಅನ್ನ, ಸಂಜೆ ಮಕ್ಕಳಿಗೆ ಐದು ರೂಪಾಯಿಯ ಪಾಕೀಟು, ದೊಡ್ಡವರಿಗೆ ಭಜಿ. ಎಣ್ಣೆ ತಿಂಗಳಿಗೆ ಎಂಟು ಕಿಲೋ ಹೋಗುತ್ತದೆ. ಈ ಸಂಕ್ರಾಂತಿಯಿಂದ ಎಲ್ಲಾ ಬದಲಾಯಿಸಬೇಕೆಂದು ಹಠ ತೊಟ್ಟು ಅನ್ನ, ಸಕ್ಕರೆ, ಕರಿದದ್ದು ಬಂದ್ ಮಾಡಿ ಓಟ್ಸ್ ಶುರು ಮಾಡಿದೆ. ಒಂಬತ್ತನೇ ದಿನ ಅತ್ತಿ, "ನಮ್ಮ ಮನ್ಯಾಗ ಎಲ್ಲಾರಿಗೂ ಏನ್ ರೋಗ ಬಂದೈತಿ ಅಂತ ಈ ಪಥ್ಯದ ಊಟ?" ಎಂದು ತಾವೇ ಬಾಣಲಿ ಇಟ್ಟು ಭಜಿ ಕರಿದರು. ಮಕ್ಕಳು ಕುಣಿದಾಡಿ ತಿಂದರು. ನಾನು ಒಳಗೆ ಹೋಗಿ ಅತ್ತೆ. ಎಲ್ಲಿಂದ ಶುರು ಮಾಡಲಿ?
ಒಬ್ಬ ಗೃಹಿಣಿ, ವಿಜಯಪುರ

ಉತ್ತರ: ತಂಗಿ, ನಿನ್ನ ಆ ಒಂಬತ್ತು ದಿನ ಹೇಗಿದ್ದವು ಎಂದು ನನಗೆ ಗೊತ್ತು. 2006ರಲ್ಲಿ ನಮ್ಮ ಯಜಮಾನರಿಗೆ ಶುಗರ್ ಇದೆಯೆಂದು ತಿಳಿದ ಸಂಜೆಯೇ ನಾನು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಕೆಳಗಿಳಿಸಿದ್ದೆ. ಕಾಲೇಜಿನಲ್ಲಿ ಗೃಹವಿಜ್ಞಾನ ಕಲಿಸುತ್ತಿದ್ದವಳು ನಾನು. ಅನ್ನ, ಹಪ್ಪಳ, ಹೋಳಿಗೆ, ಶೇಂಗಾದ ಉಂಡಿ, ಎಲ್ಲ ಒಂದೇ ದಿನಕ್ಕೆ ಬಂದ್. ಅವರು ಒಂದು ಮಾತೂ ಆಡಲಿಲ್ಲ. ಮೂರು ವಾರದ ಮೇಲೆ ಒಗೆಯಲು ಅವರ ಅಂಗಿ ತೆಗೆದುಕೊಂಡಾಗ ಜೇಬಿನಲ್ಲಿ ಎಣ್ಣೆ ಹೀರಿದ ಪೇಪರಿನ ತುಂಡು ಸಿಕ್ಕಿತು. ಮಿರ್ಚಿ ಭಜಿ ಕಟ್ಟಿದ ಪೇಪರು. ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕುಳಿತೆ. ಸಿಟ್ಟು ಬರಲಿಲ್ಲ, ಸಂಕಟವಾಯಿತು. ಮನೆಯ ತಾಟಿನ ಮುಂದೆ ಕೂಡುವ ಅವರ ಸಂತೋಷವನ್ನು ನಾನೇ ಕಸಿದುಕೊಂಡಿದ್ದೆ.

ಅಂದಿನಿಂದ ನಾನು ಯಾರು ಕೇಳಿದರೂ ಹೇಳುತ್ತ ಬಂದದ್ದು ಇಷ್ಟೇ. ತಾಟಿನಿಂದ ಏನನ್ನೂ ತೆಗೆಯಬೇಡ, ಮೊದಲು ಸೇರಿಸು. ಹೊಟ್ಟೆಯಲ್ಲಿ ಇರುವ ಜಾಗ ಇದ್ದಷ್ಟೇ. ಒಳ್ಳೆಯದು ಮೊದಲು ಹೋಗಿ ಕೂತರೆ ಉಳಿದದ್ದು ತಾನಾಗಿ ಕಡಿಮೆಯಾಗುತ್ತದೆ, ಮನೆಯಲ್ಲಿ ಜಗಳವೂ ಆಗುವುದಿಲ್ಲ.

ಏನನ್ನು ಸೇರಿಸಬೇಕೆಂದು ಪುಸ್ತಕದಲ್ಲಿ ಹುಡುಕಬೇಡ. ನಮ್ಮ ಕಡೆಯ ಒಂದು ಖಾನಾವಳಿಗೆ ಹೋಗಿ ಕೂಡು. ರೊಟ್ಟಿಯ ಜೊತೆಗೇ ಉಳ್ಳಾಗಡ್ಡಿ, ಸವತಿಕಾಯಿ, ಗಜ್ಜರಿ, ಒಂದು ಹಿಡಿ ಹಸಿ ಮೆಂತ್ಯೆ ತಪ್ಪಲ ತಂದಿಡುತ್ತಾರೆ. ಇದು ನಮ್ಮ ಹಿರಿಯರ ಊಟದ ರೀತಿ. ಶಹರಿಗೆ ಬಂದು ನಾವು ಉಪ್ಪಿಟ್ಟು ಕಲಿತೆವು, ಆ ತಪ್ಪಲ ಮರೆತೆವು. ಮೊದಲ ತಿಂಗಳು ನೀನು ಬೇರೆ ಏನನ್ನೂ ಬದಲಾಯಿಸಬೇಡ. ಅನ್ನ ಇರಲಿ, ಭಜಿ ಇರಲಿ. ಊಟಕ್ಕೆ ಕರೆಯುವ ಹತ್ತು ನಿಮಿಷ ಮೊದಲು ಒಂದು ದೊಡ್ಡ ತಾಟಿನಲ್ಲಿ ಇವನ್ನೆಲ್ಲ ಹೆಚ್ಚಿ ನಡುವೆ ಇಟ್ಟುಬಿಡು. "ತಿನ್ರಿ" ಎನ್ನಬೇಡ, ಒಳ್ಳೆಯದು ಎಂದು ಭಾಷಣ ಮಾಡಬೇಡ. ಹಸಿದವರ ಕೈ ತಾನೇ ಹೋಗುತ್ತದೆ. ಮಕ್ಕಳಿಗೆ ಮೆಂತ್ಯೆ ಕಹಿ ಎನಿಸಿದರೆ ಸಣ್ಣಗೆ ಹೆಚ್ಚಿ, ಶೇಂಗಾ ಪುಡಿ, ಚಿಟಿಕೆ ಉಪ್ಪು, ಇಂಡಿ ನಿಂಬೆಹಣ್ಣಿನ ಅರ್ಧ ಹೋಳು ಹಿಂಡಿ ಪಚಡಿ ಮಾಡು. ನಿಂಬೆಯ ಹುಳಿ ರುಚಿಗೆ ಮಾತ್ರ ಅಲ್ಲ. ಕಾಳು, ತಪ್ಪಲದಲ್ಲಿರುವ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ಅದರಲ್ಲಿನ ಸಿ ಜೀವಸತ್ವ ನೆರವಾಗುತ್ತದೆ. ತಪ್ಪಲವನ್ನು ಮಾತ್ರ ಮೂರು ನೀರಿನಲ್ಲಿ ತೊಳಿ, ಬುಡದಲ್ಲಿ ಮಣ್ಣು ಇರುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ, ದಿನಕ್ಕೆ 2000 ಕ್ಯಾಲೊರಿ ಬೇಕಾಗುವ ಒಬ್ಬರ ತಾಟಿನಲ್ಲಿ 400 ಗ್ರಾಂ ತರಕಾರಿ ಮತ್ತು ಸೊಪ್ಪು ಇರಬೇಕು, ಅಕ್ಕಿ, ಜೋಳ, ಗೋಧಿಯಂಥ ಧಾನ್ಯವೆಲ್ಲ ಸೇರಿ 250 ಗ್ರಾಂ ಸಾಕು. ನಮ್ಮ ಮನೆಗಳಲ್ಲಿ ಇದು ತಿರುವುಮುರುವಾಗಿದೆ. ಅನ್ನದ ಗುಡ್ಡ, ಮೂಲೆಯಲ್ಲಿ ಒಂದು ಚಮಚ ಪಲ್ಯ. 400 ಗ್ರಾಂ ಎಂದರೆ ಎಷ್ಟು ಎಂದು ಒಂದು ದಿನ ತೂಗಿ ನೋಡು. ಒಬ್ಬರಿಗೇ ಇಷ್ಟೊಂದೇ ಎಂದು ಗಾಬರಿಯಾಗುತ್ತದೆ. ಗಾಬರಿಯಾಗಬೇಡ, ಇವತ್ತು ನಿಮ್ಮಲ್ಲಿ ನೂರು ಗ್ರಾಂ ಇದ್ದರೆ ನೂರಾ ಐವತ್ತಕ್ಕೆ ಹೋದರೂ ಅದು ಗೆಲುವೇ.

ಎರಡನೇ ತಿಂಗಳು ರೊಟ್ಟಿ. "ಡೋಣಿ ಬೆಳೆದರೆ ಓಣಿಯೆಲ್ಲ ಜೋಳ" ಎಂದು ಡೋಣಿ ಹೊಳೆಯ ದಂಡೆಯ ಬಗ್ಗೆ ಹೇಳುವ ಜಿಲ್ಲೆಯಲ್ಲಿ ಕೂತು ನಾವು ಪೇಟೆಯ ಓಟ್ಸ್ ಪಾಕೀಟು ಕತ್ತರಿಸುವುದು ನನಗೆ ನಿಜವಾಗಿಯೂ ನೋವು ಕೊಡುತ್ತದೆ. ಅದೇ ಸಂಸ್ಥೆಯ 2017ರ ಆಹಾರ ಕೋಷ್ಟಕದಂತೆ ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು ಇದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಸಹ ಇಲ್ಲ. ರಾತ್ರಿಯ ಒಂದು ಹೊತ್ತನ್ನು ಮಾತ್ರ ರೊಟ್ಟಿಗೆ ಮರಳಿಸು. ಬಡಿಯಲು ಸಮಯ ಇಲ್ಲದಿದ್ದರೆ ನಾಚಿಕೆ ಬೇಡ. ನಮ್ಮ ಓಣಿಗಳಲ್ಲೇ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳಿದ್ದಾರೆ, ಅವರಿಗೂ ನಾಲ್ಕು ಕಾಸು ಆಗುತ್ತದೆ. ಮನೆಯಲ್ಲೇ ಮಾಡುವುದಾದರೆ ಹಿಟ್ಟನ್ನು ಹದಿನೈದು ದಿನಕ್ಕೆ ಆಗುವಷ್ಟೇ ಗಿರಣಿಗೆ ಹಾಕಿಸು. ಜೋಳದ ಹಿಟ್ಟು ಹಳೆಯದಾದರೆ ಜಿಗಿ ಹೋಗಿ ಅಂಚು ಒಡೆಯುತ್ತದೆ, ಮಾಡುವವರಿಗೆ ಬೇಸರ ಬರುವುದೇ ಅಲ್ಲಿ. ಗೋಧಿಯಲ್ಲಿರುವ ಅಂಟು ಜೋಳದಲ್ಲಿ ಇಲ್ಲ. ಕುದಿಯುವ ಎಸರು ಬಿದ್ದಾಗ ಅದರ ಪಿಷ್ಟ ಬೆಂದು ಜಿಗಿಯಾಗುತ್ತದೆ, ರೊಟ್ಟಿ ಹಿಡಿದುಕೊಳ್ಳುವುದು ಅದರಿಂದ. ಎಸರು ಸಳಸಳ ಕುದಿಯದೆ ಹಿಟ್ಟಿಗೆ ಹಾಕಬೇಡ.

ಸಂಜೆ ಐದು ರೂಪಾಯಿಯ ಪಾಕೀಟಿನ ಹೊತ್ತಿಗೆ ಮುಟಗಿ ಮಾಡಿಕೊಡು. ನಿನ್ನ ಅತ್ತಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ರೊಟ್ಟಿಯನ್ನು ದಪ್ಪಗೆ ತಟ್ಟಿ, ಒಳಗೆ ಮೆತ್ತಗಿರುವಂತೆ ಬೇಯಿಸಬೇಕು. ಕಲ್ಲಿನಲ್ಲಿ ನಾಲ್ಕು ಎಸಳು ಬಳ್ಳೊಳ್ಳಿ, ಜೀರಗಿ, ಉಪ್ಪು, ಮಕ್ಕಳು ತಡೆಯುವಷ್ಟು ಖಾರ ಕುಟ್ಟಿಕೊಂಡು, ಹಂಚಿನಿಂದ ಇಳಿಸಿದ ರೊಟ್ಟಿಯನ್ನು ಬಿಸಿಬಿಸಿ ಇರುವಾಗಲೇ ಮುರಿದು ಅದರಲ್ಲಿ ಹಾಕಿ ಜಜ್ಜಬೇಕು. ಒಂದು ಚಮಚ ತುಪ್ಪ ಬಿಟ್ಟು ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಬೆರಳಿನ ಗುರುತು ಮೂಡಿದ ಉಂಡಿಯಾಗುತ್ತದೆ. ಬಿಸಿ ತುಪ್ಪಕ್ಕೆ ಬಳ್ಳೊಳ್ಳಿಯ ವಾಸನೆ ಏಳುವಾಗ ಮಕ್ಕಳನ್ನು ಕರೆಯುವ ಅಗತ್ಯವೇ ಬೀಳುವುದಿಲ್ಲ. ನಮ್ಮ ಮೊಮ್ಮಗ ಬೆಂಗಳೂರಿನಿಂದ ಬಂದಾಗ ಮೊದಲ ದಿನ "ಏನಿದು" ಎಂದು ಮೂಗು ಮುರಿದವನು ಮೂರನೇ ದಿನ ಕಲ್ಲಿನ ಪಕ್ಕ ಕೂತಿದ್ದ. ಪಾಕೀಟನ್ನು ಪೂರ್ತಿ ನಿಲ್ಲಿಸಬೇಡ. ವಾರದಲ್ಲಿ ಆರು ದಿನ ಇದ್ದದ್ದು ನಾಲ್ಕಾಗಲಿ, ಮುಂದಿನ ತಿಂಗಳು ಎರಡಾಗಲಿ. ನಡುವಿನ ದಿನ ಹುರಿದ ಶೇಂಗಾ, ಪುಟಾಣಿ, ಹತ್ತು ಒಣದ್ರಾಕ್ಷಿ, ಇಲ್ಲವೇ ಒಂದು ಪೇರಲ.

ಎಣ್ಣೆಯ ಲೆಕ್ಕಕ್ಕೆ ಬರೋಣ. ಅದೇ ಮಾರ್ಗಸೂಚಿಯಲ್ಲಿ ಒಬ್ಬರಿಗೆ ದಿನಕ್ಕೆ 27 ಗ್ರಾಂ ಎಣ್ಣೆ, ತುಪ್ಪ. ಆರು ಜನಕ್ಕೆ ತಿಂಗಳಿಗೆ ಹೆಚ್ಚೆಂದರೆ ಐದು ಕಿಲೋ. ನೀವು ಎಂಟರಲ್ಲಿದ್ದೀರಿ. ಒಂದೇ ಸಲ ಮೂರು ಕಿಲೋ ಇಳಿಸಿದರೆ ಎಣಗಾಯಿ ಒಣಗಿ ಹೋಗುತ್ತದೆ, ಮತ್ತೆ ಅತ್ತಿ ಬಾಣಲಿ ಇಡುತ್ತಾರೆ. ತಿಂಗಳಿಗೆ ಅರ್ಧ ಕಿಲೋ ಕಡಿಮೆ ತರಿಸು, ಆರು ತಿಂಗಳಿಗೆ ಐದಕ್ಕೆ ಬರುತ್ತೀ. ಪಾಕೀಟಿನಿಂದ ನೇರ ಸುರಿಯುವುದು ಬಿಟ್ಟು ಚಮಚದಿಂದ ಅಳೆದು ಹಾಕು. ಎಣಗಾಯಿ ಮೇಲೆ ಎಣ್ಣೆ ತೇಲಲೇಬೇಕು ಎನ್ನುವವರಿಗೆ ನಾನು ಮಾಡುವ ಉಪಾಯ ಹೀಗಿದೆ. ತುಂಬುವ ಮಸಾಲಿಗೆ ಶೇಂಗಾ, ಗುರೆಳ್ಳು ಹದವಾಗಿ ಹುರಿದು ಕುಟ್ಟಿ ಹಾಕುತ್ತೇನೆ, ಒಗ್ಗರಣೆಗೆ ಎರಡೇ ಚಮಚ ಎಣ್ಣೆ. ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬಿಟ್ಟರೆ ಆ ಕಾಳುಗಳೇ ತಮ್ಮ ಎಣ್ಣೆ ಬಿಡುತ್ತವೆ, ಅಂಚಿನಲ್ಲಿ ಕೆಂಪಗೆ ಕಾಣುತ್ತದೆ. ಉಂಡವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಉಪ್ಪಿಗೂ ಇಂಥದೇ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಎನ್ನುತ್ತದೆ. ಆರು ಜನರ ಮನೆಯಲ್ಲಿ ಕಿಲೋ ಪಾಕೀಟು ತಿಂಗಳು ದಾಟಬೇಕು. ಹಪ್ಪಳ, ಉಪ್ಪಿನಕಾಯಿಯ ಉಪ್ಪು ಅದರ ಮೇಲೆ ಎಂಬುದನ್ನೂ ನೆನಪಿಡು.

ಮಾವನವರ ವಿಷಯ ಬೇರೆ. ಜೋಳದ ರೊಟ್ಟಿ ಎಷ್ಟು ತಿಂದರೂ ಶುಗರ್ ಏರುವುದಿಲ್ಲ ಎಂದು ನಮ್ಮ ಕಡೆ ಬಹಳ ಜನ ನಂಬಿದ್ದಾರೆ. ಅದು ತಪ್ಪು. ಜೋಳದಲ್ಲಿಯೂ ಮೂರರಲ್ಲಿ ಎರಡು ಪಾಲು ಪಿಷ್ಟವೇ. ನನ್ನ ಕೈಯ ರೊಟ್ಟಿಯನ್ನು ತೂಗಿ ನೋಡಿದ್ದೇನೆ, ಒಂದಕ್ಕೆ ಸುಮಾರು 50 ಗ್ರಾಂ ಹಿಟ್ಟು ಹಿಡಿಯುತ್ತದೆ. ಅವರಿಗೆ ಹೊತ್ತಿಗೆ ಎಷ್ಟು ರೊಟ್ಟಿ ಎಂಬುದನ್ನು ಡಾಕ್ಟರರನ್ನು ಕೇಳಿ ಗಟ್ಟಿ ಮಾಡಿಕೊ. ಜೊತೆಗೆ ಮಡಕಿ ಕಾಳು, ಹೆಸರುಕಾಳು, ಪುಂಡಿಪಲ್ಯ ಧಾರಾಳವಾಗಿ ಬಡಿಸು. ಗುಳಿಗೆಯನ್ನು ಮಾತ್ರ ಯಾರ ಮಾತು ಕೇಳಿಯೂ ನಿಲ್ಲಿಸಬಾರದು.

ಇನ್ನು ಅತ್ತಿ. ತಂಗಿ, ಅವರು ನಿನ್ನ ವಿರೋಧಿಯಲ್ಲ. ಅವರ ಕೈಯ ಅಡುಗೆಗೆ ನೀನು "ರೋಗ ತರುವ ಊಟ" ಎಂದು ಹೆಸರಿಟ್ಟಂತೆ ಅವರಿಗೆ ಕೇಳಿಸಿತು. ನಾಳೆ ಸಂತೆಗೆ ಅವರನ್ನು ಕರೆದುಕೊಂಡು ಹೋಗು. "ಅತ್ತಿ, ನೀವು ಸಣ್ಣಾಕಿ ಇದ್ದಾಗ ಹೊಲದಾಗ ಯಾವ್ಯಾವ ಪಲ್ಯ ಕಿತ್ತೊಂಡು ಬರ್ತಿದ್ರಿ?" ಎಂದು ಕೇಳು. ಹತ್ತರಕಿ, ಕಿರಕಸಾಲಿ, ರಾಜಗಿರಿ ಎಂದು ಅವರು ಹೇಳುತ್ತಾ ಹೋಗುತ್ತಾರೆ, ಸಿಕ್ಕಿದ್ದನ್ನು ಅವರೇ ಆರಿಸಲಿ, ಅವರೇ ಮಾಡಲಿ. ಓಟ್ಸಿನ ಡಬ್ಬಿಯಲ್ಲಿ ಅವರಿಗೆ ಜಾಗವಿರಲಿಲ್ಲ. ಇಲ್ಲಿ ಅವರೇ ಯಜಮಾನ್ತಿ.

ಪ್ರಶ್ನೆ: ಮೇಡಂ, ನಮ್ಮದು ಜಮಖಂಡಿ. ಮನೆಯಲ್ಲಿ ಒಬ್ಬೊಬ್ಬರು ದಿನಕ್ಕೆ ಐದು ಕಪ್ ಚಹಾ, ಕಪ್ಪಿಗೆ ಎರಡು ಚಮಚ ಸಕ್ಕರೆ. ಸಕ್ಕರೆ ಬದಲು ಮಹಾಲಿಂಗಪುರದ ಬೆಲ್ಲ ಹಾಕಿದರೆ ತೊಂದರೆ ಇಲ್ಲ ತಾನೆ?
ಒಬ್ಬ ಓದುಗರು, ಜಮಖಂಡಿ

ಉತ್ತರ: ಮಹಾಲಿಂಗಪುರದ ಬೆಲ್ಲ ನನಗೂ ಬಹಳ ಪ್ರೀತಿ. ಮಾದಲಿ ಅದರಲ್ಲೇ ಆಗಬೇಕು. ಆದರೆ ಅಣ್ಣಾ, ಚಹಾದ ಲೆಕ್ಕದಲ್ಲಿ ಬೆಲ್ಲವೂ ಸಕ್ಕರೆಯೇ. ನಿಮ್ಮ ಹತ್ತು ಚಮಚ ಎಂದರೆ 40ರಿಂದ 50 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಗರಿಷ್ಠ ಮಿತಿಯೇ ದಿನಕ್ಕೆ ಸುಮಾರು 50 ಗ್ರಾಂ, 25ಕ್ಕೆ ಇಳಿದರೆ ಇನ್ನೂ ಒಳ್ಳೆಯದು. ಅಂದರೆ ಸಿಹಿ ತಿನಿಸು, ಬಿಸ್ಕೀಟಿಗೆ ಜಾಗ ಉಳಿಯಲೇ ಇಲ್ಲ. ಚಹಾ ಬಿಡಬೇಡಿ. ಹದಿನೈದು ದಿನಕ್ಕೊಮ್ಮೆ ಕಪ್ಪಿಗೆ ಕಾಲು ಚಮಚ ಕಡಿಮೆ ಮಾಡುತ್ತಾ ಹೋಗಿ. ಎರಡು ತಿಂಗಳಿಗೆ ಒಂದು ಚಮಚಕ್ಕೆ ಬರುತ್ತೀರಿ, ಆಮೇಲೆ ಹಳೆಯ ಚಹಾ ಕುಡಿದರೆ ಪಾನಕ ಕುಡಿದಂತಾಗುತ್ತದೆ. ಊಟದ ಹಿಂದೆಮುಂದೆ ಒಂದು ತಾಸು ಚಹಾ ಬೇಡ, ಅದು ಕಬ್ಬಿಣಾಂಶ ಹೀರುವುದಕ್ಕೆ ಅಡ್ಡಿ ಮಾಡುತ್ತದೆ.

ಪ್ರಶ್ನೆ: ಅಕ್ಕೋರೇ, ನಾನು ಬೈಲಹೊಂಗಲದವಳು, ಬಿ.ಎ. ಎರಡನೇ ವರ್ಷ. ಎಲ್ಲರೂ ಉಂಡ ಮೇಲೆ ಅವ್ವ ಉಣ್ಣುತ್ತಾಳೆ. ಅಷ್ಟೊತ್ತಿಗೆ ಪಲ್ಯ ತೀರಿರುತ್ತದೆ. ಆರಿದ ರೊಟ್ಟಿ, ಹಿಂಡಿ, ಮ್ಯಾಲೆ ಒಂದು ಕಪ್ ಚಹಾ. ಈಚೆಗೆ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾಳೆ. ಹೇಳಿದರೆ "ನನಗೇನಾಗೈತಿ" ಅಂತಾಳೆ.

ಉತ್ತರ: ಮಗಳೇ, ನೀನು ಇದನ್ನು ಗಮನಿಸಿ ಬರೆದದ್ದಕ್ಕೆ ನನ್ನ ಕಣ್ಣು ತುಂಬಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ದೇಶದಲ್ಲಿ 57 ಪ್ರತಿಶತ, ನಮ್ಮ ರಾಜ್ಯದಲ್ಲಿ ಸುಮಾರು 48 ಪ್ರತಿಶತ ಮಂದಿಗೆ ರಕ್ತಹೀನತೆ ಇದ್ದದ್ದು ಕಂಡುಬಂದಿದೆ. ಆ ಅಂಕಿಯಲ್ಲಿ ನಿನ್ನ ಅವ್ವನಂತೆ ಕೊನೆಗೆ ಉಣ್ಣುವವರು ಎಷ್ಟೋ ಜನ ಇದ್ದಾರು.

ಅವ್ವನ ಜೊತೆ ವಾದ ಮಾಡಬೇಡ, ಅವಳು ಸೋಲುವುದಿಲ್ಲ. ಪಲ್ಯ ಇಳಿಸಿದ ಕೂಡಲೇ, ಯಾರಿಗೂ ಬಡಿಸುವ ಮೊದಲು, ಒಂದು ಬಟ್ಟಲು ಕಾಳುಪಲ್ಯ, ಒಂದು ಬಟ್ಟಲು ತಪ್ಪಲ ಪಲ್ಯ ತೆಗೆದು ಮುಚ್ಚಿಡು. ಅದು ಅವ್ವನದು ಎಂದು ಅಪ್ಪ, ತಮ್ಮ ಎಲ್ಲರ ಮುಂದೆಯೇ ಹೇಳು. ವಾರದಲ್ಲಿ ಎರಡು ದಿನ ನೀನು ರೊಟ್ಟಿ ಮಾಡು, ಅವ್ವ ಉಳಿದವರ ಸಂಗಡ ಪಂಕ್ತಿಯಲ್ಲಿ ಕೂಡಲಿ. ತಮ್ಮನೂ ತಾಟು ಇಡಲಿ, ನೀರು ತುಂಬಲಿ. ಊಟದ ಮೇಲಿನ ಚಹಾವನ್ನು ಒಂದು ತಾಸು ಮುಂದೆ ಹಾಕು, ಆ ಜಾಗದಲ್ಲಿ ನಿಂಬೆಹಣ್ಣಿನ ಒಂದು ಹೋಳು ಇರಲಿ.

ಇಷ್ಟೆಲ್ಲ ಮಾಡುತ್ತಲೇ ಈ ವಾರ ಅವ್ವನನ್ನು ಸರ್ಕಾರಿ ದವಾಖಾನೆಗೆ ಕರೆದುಕೊಂಡು ಹೋಗಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸು. ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ದರೆ ಊಟ ಒಂದರಿಂದಲೇ ಬೇಗ ತುಂಬುವುದಿಲ್ಲ, ಡಾಕ್ಟರರು ಕೊಟ್ಟ ಗುಳಿಗೆ ಬೇಕಾಗುತ್ತದೆ. ಏದುಸಿರಿಗೆ ಬೇರೆ ಕಾರಣವೂ ಇರಬಹುದು, ಅದನ್ನೂ ಅವರಿಗೆ ಹೇಳು. ಚೀಟಿಯಲ್ಲಿ ಬಂದ ಅಂಕಿಯನ್ನು ಮುಂದಿನ ಪತ್ರದಲ್ಲಿ ನನಗೆ ಬರೆದು ಕಳಿಸು, ಕಾಯುತ್ತಿರುತ್ತೇನೆ.