ಅಂಗವಿಕಲ ಮಗುವನ್ನು ನೋಡಿಕೊಳ್ಳುತ್ತಾ ಕೆಲಸಕ್ಕೂ ಹೋಗುವ ಪೋಷಕರಿಗೆ ಭಾರತದಲ್ಲಿ ಯಾವ ಸೌಲಭ್ಯಗಳಿವೆ?

ಮೊದಲು ಮಗುವಿನ ಯುಡಿಐಡಿ ಕಾರ್ಡ್, ಅಂದರೆ ಸರ್ಕಾರ ಕೊಡುವ ಅಂಗವಿಕಲರ ಗುರುತಿನ ಚೀಟಿ ಮಾಡಿಸಿ. ಮುಂದೆ ಎಲ್ಲೇ ಹೋದರೂ ಅದನ್ನು ಕೇಳುತ್ತಾರೆ.

ಕೇಂದ್ರ ಸರ್ಕಾರಿ ನೌಕರಿಯಾ? ತಾಯಂದಿರಿಗೂ ಒಂಟಿ ತಂದೆಯರಿಗೂ ಇಡೀ ಸೇವೆಯಲ್ಲಿ 730 ದಿನ ಶಿಶುಪಾಲನಾ ರಜೆ ಇದೆ. ಸಾಮಾನ್ಯವಾಗಿ ಮಗುವಿಗೆ 18 ತುಂಬಿದರೆ ಮುಗಿಯಿತು. ಅಂಗವೈಕಲ್ಯ ಕನಿಷ್ಠ ಶೇ. 40 ಇದ್ದರೆ ಮಾತ್ರ ವಯಸ್ಸಿನ ಮಿತಿಯೇ ಇಲ್ಲ. ಮೊದಲ 365 ದಿನ ಪೂರ್ತಿ ಸಂಬಳ, ಆಮೇಲೆ ಶೇ. 80. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ, ಬೇಜಾರಾಗುತ್ತದೆ.

ಖಾಸಗಿ ಕೆಲಸವಾದರೂ ಆದಾಯ ತೆರಿಗೆಯ ಹಳೆ ಪದ್ಧತಿಯಲ್ಲಿ, ತೆರಿಗೆ ಲೆಕ್ಕ ಹಾಕುವ ಆದಾಯದಿಂದ 75,000 ರೂಪಾಯಿ ಕಳೆಯಬಹುದು. ಅಂಗವೈಕಲ್ಯ ಶೇ. 80 ಅಥವಾ ಜಾಸ್ತಿ ಇದ್ದರೆ 1,25,000. ಖರ್ಚು ಎಷ್ಟೇ ಆಗಿರಲಿ, ಪೂರ್ತಿ ಮೊತ್ತ ಕಳೆಯಬಹುದು.

ಆಟಿಸಂ, ಸೆರೆಬ್ರಲ್ ಪಾಲ್ಸಿ ಇದ್ದರೆ 1 ಲಕ್ಷದವರೆಗಿನ ನಿರಾಮಯ ಆರೋಗ್ಯ ವಿಮೆಯನ್ನೂ ಮಾಡಿಸಿ.